ಓದುಗರ ಪ್ರಶ್ನೆ, ನನ್ನ ಉತ್ತರ: ಹಡಗಿನಲ್ಲಿ ‘ಮೈನಾ’ ಅಂದರೆ ಹಕ್ಕಿ ಅಲ್ಲ

ಹೋದ ಸಂಚಿಕೆಯಲ್ಲಿ ಒಂದು ಸಾಲು ಬರೆದಿದ್ದೆ. 2006 ಮತ್ತು 2007ರಲ್ಲಿ ಎರಡು ಸೀಸನ್ ನಾನು ರಷ್ಯನ್ ಸಿಬ್ಬಂದಿ ಇದ್ದ ಸರ್ವೆ ಹಡಗಿನಲ್ಲಿ ದುಭಾಷಿಯಾಗಿದ್ದೆ ಅಂತ. ಆ ಒಂದೇ ಸಾಲಿಗೆ ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಈ ಸಲ ಪೂರ್ತಿ ಜಾಗ ಅದಕ್ಕೇ ಕೊಡುತ್ತೇನೆ.

ಪ್ರಶ್ನೆ: ನಾನು ರಷ್ಯನ್ ಭಾಷೆಯಲ್ಲಿ ಡಿಪ್ಲೊಮಾ ಮುಗಿಸಿದ್ದೇನೆ, 24 ವರ್ಷ. ಮುಂಬೈ ಕಡೆ ಕೆಲಸ ಮಾಡುವ ಒಂದು ಹಡಗಿಗೆ ನಾಲ್ಕು ತಿಂಗಳಿಗೆ ದುಭಾಷಿ ಬೇಕು ಅಂತ ಕರೆ ಬಂದಿದೆ. ಮನೆಯಲ್ಲಿ ಬೇಡ ಅಂತಿದ್ದಾರೆ. ಕೆಲಸ ಹೇಗಿರುತ್ತೆ? ನನ್ನ ರಷ್ಯನ್ ಸಾಕಾಗುತ್ತಾ? — ಧಾರವಾಡದ ಓದುಗರು

ತಂಗಿ, ಮೊದಲು ಎರಡನೇ ಪ್ರಶ್ನೆಗೆ ಉತ್ತರ ಹೇಳುತ್ತೇನೆ. ಸಾಕಾಗಲ್ಲ. ಆದರೆ ಅದಕ್ಕೆ ಹೆದರಬೇಡಿ, ಯಾರಿಗೂ ಸಾಕಾಗಲ್ಲ. ಕಾಲೇಜಿನಲ್ಲಿ ನಾವು ಕಲಿತ ರಷ್ಯನ್ ಕಥೆ, ಕವಿತೆ, ಸಭೆಯ ಭಾಷಣದ್ದು. ಹಡಗಿನ ಭಾಷೆಯೇ ಬೇರೆ.

ನಾನು ಹತ್ತಿದ ದಿನ ಕ್ರೇನ್‌ನಲ್ಲಿ ಸಾಮಾನು ಇಳಿಸುತ್ತಿದ್ದರು. ಕೆಳಗೆ ನಮ್ಮ ಕಡೆಯ ಆರು ಹುಡುಗರು ನಿಂತಿದ್ದರು. ಮೇಲಿನಿಂದ ಬೋಟ್ಸ್‌ಮನ್, ಅಂದರೆ ಡೆಕ್ ಕೆಲಸದವರ ಮುಖ್ಯಸ್ಥ, ‘ಮೈನಾ! ಮೈನಾ!’ ಅಂತ ಕೂಗಿದ. ಐದು ವರ್ಷ ರಷ್ಯನ್ ಓದಿದ ನನಗೆ ಆ ಶಬ್ದ ಗೊತ್ತಿರಲಿಲ್ಲ. ಹುಡುಗರು ನನ್ನ ಮುಖ ನೋಡಿದರು. ನಾನು ಬೋಟ್ಸ್‌ಮನ್ ಮುಖ ನೋಡಿದೆ. ಅವನು ಕೈ ಕೆಳಗೆ ಮಾಡಿ ತೋರಿಸಿದ ಮೇಲೆ ಅರ್ಥ ಆಯಿತು. ‘ಮೈನಾ’ ಅಂದರೆ ಇಳಿಸು, ‘ವಿರಾ’ ಅಂದರೆ ಎತ್ತು. ಇಟಲಿಯ ನಾವಿಕರಿಂದ ಬಂದ ಮಾತುಗಳಂತೆ. ಎರಡು ಟನ್ ಭಾರ ತಲೆ ಮೇಲೆ ತೂಗುತ್ತಿರುವಾಗ ಈ ಎರಡು ಶಬ್ದಕ್ಕಿಂತ ದೊಡ್ಡ ಪಾಂಡಿತ್ಯ ಇಲ್ಲ.

ಅವತ್ತು ಸಂಜೆಯೇ ಸಣ್ಣ ನೋಟ್‌ಬುಕ್ ಹಿಡಿದು ಬೋಟ್ಸ್‌ಮನ್ ಹತ್ತಿರ ಹೋಗಿ ಕೂತೆ. ಅಡುಗೆಮನೆಗೆ ‘ಕಾಂಬೂಸ್’. ಚೀಫ್ ಆಫೀಸರ್‌ಗೆ ‘ಸ್ತಾರ್‌ಪೊಮ್’. ಚೀಫ್ ಇಂಜಿನಿಯರ್‌ಗೆ ಎಲ್ಲರೂ ಪ್ರೀತಿಯಿಂದ ‘ದ್ಯೆದ್’, ಅಂದರೆ ಅಜ್ಜ ಅಂತಲೇ ಕರೆಯೋದು. ನಾವು ‘ಕೊನೆ’ ಅಂತ ಕಲಿತ ‘ಕೊನೆತ್ಸ್’ ಅಲ್ಲಿ ಹಗ್ಗ. ‘ಹಗ್ಗ ಬಿಡಿ’ ಅನ್ನುವ ಆಜ್ಞೆಯನ್ನೇ ಊರ ಆಡುಮಾತಿನಲ್ಲಿ ಹೇಳಿದರೆ ‘ಪ್ರಾಣ ಬಿಡು’ ಅಂತ ಆಗುತ್ತೆ! ಹಡಗಿನಲ್ಲಿ ಹೋಗೋದಕ್ಕೆ ಹಡಗಿನವರು ಊರಿನ ರಷ್ಯನ್ನರ ಹಾಗೆ ‘ಈಜುತ್ತೇವೆ’ ಅನ್ನಲ್ಲ, ‘ನಡೆಯುತ್ತೇವೆ’ ಅನ್ನುತ್ತಾರೆ. ನೀವು ತಪ್ಪು ಕ್ರಿಯಾಪದ ಹಾಕಿದರೆ ತಿದ್ದುತ್ತಾರೆ. ಬೇಜಾರು ಮಾಡಿಕೊಳ್ಳಬೇಡಿ, ತಿದ್ದುವವರು ನಿಮ್ಮನ್ನ ತಮ್ಮವರು ಅಂತ ಸೇರಿಸಿಕೊಂಡಿದ್ದಾರೆ ಅಂತಲೇ ಅರ್ಥ.

ಇನ್ನು ಕೆಲಸ. ನಮ್ಮದು ಸಮುದ್ರದ ತಳದ ಕೆಳಗೆ ಎಣ್ಣೆ, ಗ್ಯಾಸ್ ಇದೆಯಾ ಅಂತ ಹುಡುಕುವ ಹಡಗು. ಹಿಂದೆ ಕಿಲೋಮೀಟರ್‌ಗಟ್ಟಲೆ ಉದ್ದದ ಕೇಬಲ್ ಎಳೆದುಕೊಂಡು ಗಂಟೆಗೆ ನಾಲ್ಕೈದು ನಾಟಿಕಲ್ ಮೈಲಿ ಹೋಗುತ್ತೆ. ಕೆಲವು ಸೆಕೆಂಡಿಗೊಮ್ಮೆ ನೀರಿನೊಳಗೆ ಗಾಳಿಯ ಹೊಡೆತ, ಅದರ ಪ್ರತಿಧ್ವನಿಯನ್ನ ಕೇಬಲ್ ಕೇಳಿಸಿಕೊಳ್ಳುತ್ತೆ. ಈ ಕಡಲಲ್ಲಿ ರಷ್ಯನ್ನರ ಈ ಕೆಲಸ ಹೊಸದಲ್ಲ. 1960ರ ದಶಕದಲ್ಲಿ ‘ಅಕಾಡೆಮಿಕ್ ಅರ್ಖಾಂಗೆಲ್ಸ್ಕಿ’ ಅನ್ನುವ ಸೋವಿಯತ್ ಹಡಗಿನಲ್ಲಿ ಭಾರತೀಯರೂ ರಷ್ಯನ್ನರೂ ಸೇರಿ ಖಂಭಾತ್ ಕೊಲ್ಲಿ ಸರ್ವೆ ಮಾಡುವಾಗಲೇ ಮುಂಬೈ ಆಚೆಯ ಬಾಂಬೆ ಹೈ ಎಣ್ಣೆ ಕ್ಷೇತ್ರದ ಗುರುತು ಸಿಕ್ಕಿದ್ದು. ಆಗಲೂ ಯಾರೋ ಒಬ್ಬರು ಮಧ್ಯದಲ್ಲಿ ನಿಂತು ಎರಡೂ ಕಡೆಯ ಮಾತು ದಾಟಿಸಿರಬೇಕು ಅಲ್ವಾ? ಅವರ ಬಗ್ಗೆ ನನಗೆ ಯಾವಾಗಲೂ ಯೋಚನೆ ಬರುತ್ತೆ.

ಇಂಥ ಹಡಗಿಗೆ ಥಟ್ಟನೆ ನಿಲ್ಲೋಕೂ ಆಗಲ್ಲ, ತಿರುಗೋಕೂ ಆಗಲ್ಲ. ಎದುರಿಗೆ ಮೀನುಗಾರರ ಬಲೆ ಬಂದರೆ ಬಲೆಯೂ ಹಾಳು, ಕೇಬಲ್ಲೂ ಹಾಳು. ಹಾಗಾಗಿ ದುಭಾಷಿಯ ಅರ್ಧ ಕೆಲಸ ಹಡಗು ನಡೆಸುವ ಕೋಣೆ, ಅಂದರೆ ಬ್ರಿಡ್ಜ್‌ನಲ್ಲಿ ನಿಂತು ರೇಡಿಯೊದಲ್ಲಿ ಬೋಟಿನವರ ಜೊತೆ ಮಾತಾಡೋದು. ನಾನು ಮಾಡಿದ ದೊಡ್ಡ ತಪ್ಪು ಅಲ್ಲೇ ಆಗಿದ್ದು.

ಗುಜರಾತಿನ ಒಂದು ಬೋಟು ತನ್ನ ಬಲೆ ಎಲ್ಲಿದೆ ಅಂತ ಜಿಪಿಎಸ್ ನೋಡಿ ಹಿಂದಿಯಲ್ಲಿ ಹೇಳಿತು. ಅಕ್ಷಾಂಶದ ಮಿನಿಟು ‘ಉನ್‌ಚಾಸ್’. ನಾನು ಸ್ತಾರ್‌ಪೊಮ್‌ಗೆ 39 ಅಂದೆ. 39 ಅಂದರೆ ‘ಉನ್ತಾಲೀಸ್’, ‘ಉನ್‌ಚಾಸ್’ ಅಂದರೆ 49. ಹಿಂದಿಯ ಈ ‘ಉನ್’ ಸಂಖ್ಯೆಗಳು ನಮ್ಮ ಕನ್ನಡದ ಕಿವಿಗೆ ಯಾವಾಗಲೂ ಕಷ್ಟ. ಅಕ್ಷಾಂಶದಲ್ಲಿ ಹತ್ತು ಮಿನಿಟು ಅಂದರೆ ಹತ್ತು ನಾಟಿಕಲ್ ಮೈಲಿ, ಹದಿನೆಂಟೂವರೆ ಕಿಲೋಮೀಟರ್. ಸ್ತಾರ್‌ಪೊಮ್ ರೇಡಾರ್ ನೋಡಿ ಅಲ್ಲಿ ಯಾವ ಬೋಟೂ ಇಲ್ಲ ಅಂದ. ನನ್ನ ಮೇಲೆ ರೇಗಲಿಲ್ಲ. ‘ಪೊವ್ತರೀತೆ’ ಅಂತ ಮಾತ್ರ ಹೇಳಿದ, ಅಂದರೆ ‘ಇನ್ನೊಮ್ಮೆ ಹೇಳಿ’. ನಾನು ಬೋಟಿನವನನ್ನ ಮತ್ತೆ ಕೇಳಿದೆ, ಈ ಸಲ ಒಂದೊಂದೇ ಅಂಕಿ: ‘ಚಾರ್, ನೌ’. ನನ್ನ ಕೈ ನಡುಗುತ್ತಿತ್ತು. ನಿಜ ಹೇಳಬೇಕಂದರೆ ಮೊದಲ ಸಲ ಕೇಳಿದಾಗಲೇ ನನಗೆ ಅನುಮಾನ ಇತ್ತು, ಆದರೆ ಮತ್ತೆ ಕೇಳಿದರೆ ಇವಳಿಗೆ ಹಿಂದಿ ಬರಲ್ಲ ಅಂದುಕೊಳ್ಳುತ್ತಾರೇನೋ ಅನ್ನುವ ಅಳುಕಿನಲ್ಲಿ ಸುಮ್ನೆ ಅಂದಾಜಿನ ಮೇಲೆ ಹೇಳಿಬಿಟ್ಟಿದ್ದೆ.

ಅವತ್ತಿನಿಂದ ನಾನು ಅಂಕಿಗಳನ್ನ ಒಂದೊಂದಾಗಿಯೇ ಕೇಳಿದೆ, ಒಂದೊಂದಾಗಿಯೇ ಹೇಳಿದೆ, ಹೇಳಿದ್ದನ್ನ ಅವರ ಬಾಯಲ್ಲಿ ವಾಪಸ್ ಹೇಳಿಸಿದೆ. ಯಾರು ಎಷ್ಟೇ ಗೊಣಗಿದರೂ ಬಿಡಲಿಲ್ಲ.

ಎರಡನೇ ಸೀಸನ್‌ನಲ್ಲಿ ಒಂದು ಬೆಳಗಿನ ಜಾವ ನಾಲ್ಕೂವರೆ ಗಂಟೆಗೆ ರತ್ನಗಿರಿಯ ಆಚೆ ಮೂರು ಬೋಟು ಎದುರಾದವು. ರೇಡಿಯೊದ ಚಾನೆಲ್ 16ರಲ್ಲಿ ಹಿಂದಿಯಲ್ಲಿ ಕರೆದೆ, ಉತ್ತರ ಇಲ್ಲ. ಮರಾಠಿಯಲ್ಲಿ ಬರುವಷ್ಟು ಕರೆದೆ, ಇಲ್ಲ. ಆಮೇಲೆ ಯಾರೋ ಪಕ್ಕದವನಿಗೆ ‘ದಾನೆ ಮಾರಾಯಾ’ ಅಂದಿದ್ದು ಕೇಳಿಸಿತು. ತುಳು! ಮಲ್ಪೆಯ ಬೋಟುಗಳು ಮೀನು ಹುಡುಕಿಕೊಂಡು ಮಹಾರಾಷ್ಟ್ರ, ಗುಜರಾತಿನವರೆಗೂ ಬರುತ್ತವೆ. ನಾನು ಉಡುಪಿಯವಳು. ರಷ್ಯನ್ ಹಡಗಿನ ಬ್ರಿಡ್ಜ್‌ನಲ್ಲಿ ನಿಂತು ತುಳುವಿನಲ್ಲಿ ‘ಅಣ್ಣ, ಬಲೆ ಎಲ್ಲಿದೆ’ ಅಂತ ಕೇಳಿದಾಗ ಆ ಕಡೆ ಒಂದು ಕ್ಷಣ ಪೂರ್ತಿ ಮೌನ. ಆಮೇಲೆ ತಾಂಡೇಲರು, ಅಂದರೆ ಬೋಟು ನಡೆಸುವವರು, ಹೇಳಿದರು, ಬಲೆ ‘ಪಡ್ಡಾಯಿ’ ಕಡೆಗಿದೆ, ಅರ್ಧ ಗಂಟೆ ದಾರಿ ಅಂತ.

ಇಲ್ಲಿ ನೋಡಿ ದುಭಾಷಿಯ ಕಷ್ಟ. ಪಡ್ಡಾಯಿ ಅಂದರೆ ಪಶ್ಚಿಮ, ಅದು ಸುಲಭ. ‘ಅರ್ಧ ಗಂಟೆ ದಾರಿ’ ಎಷ್ಟು ಮೈಲಿ? ಬೋಟಿನ ಸ್ಪೀಡ್ ಅಂದಾಜು ಮಾಡಿ ಮೂರೂವರೆ ಮೈಲಿ ಅಂತ ಹೇಳಬಹುದಿತ್ತು. ಹೇಳಲಿಲ್ಲ. ‘ಇವರು ಅರ್ಧ ಗಂಟೆ ದಾರಿ ಅನ್ನುತ್ತಿದ್ದಾರೆ, ಮೈಲಿ ಹೇಳಿಲ್ಲ, ಜಿಪಿಎಸ್ ಕೇಳುತ್ತೇನೆ’ ಅಂತ ಸ್ತಾರ್‌ಪೊಮ್‌ಗೆ ಇದ್ದ ಹಾಗೇ ಹೇಳಿದೆ. ನಿಮ್ಮ ಲೆಕ್ಕವನ್ನ ಅವರ ಮಾತಿನ ಜೊತೆ ಬೆರೆಸಬಾರದು. ಬೆರೆಸಿದರೆ ಹಡಗು ನಡೆಸುತ್ತಿರುವುದು ನೀವು ಅಂತ ಆಗುತ್ತೆ, ಆ ಅಧಿಕಾರ ನಿಮಗಿಲ್ಲ. ತಾಂಡೇಲರು ಅಂಕಿ ಕೊಟ್ಟರು, ಬಲೆ ಎತ್ತಲು ಒಂದು ಗಂಟೆ ಕೇಳಿದರು. ಸ್ತಾರ್‌ಪೊಮ್ ಕೊಟ್ಟ. ಬೆಳಕು ಹರಿಯುವಾಗ ಬೋಟು ನಮ್ಮ ಪಕ್ಕದಿಂದ ದೂರದಲ್ಲಿ ಹಾದುಹೋಯಿತು, ಮೇಲೆ ನಿಂತಿದ್ದ ನಾಲ್ಕೈದು ಜನ ಕೈ ಬೀಸಿದರು. ಇವತ್ತಿಗೂ ಆ ದೃಶ್ಯ ಕಣ್ಣಿಗೆ ಕಟ್ಟಿದ ಹಾಗಿದೆ.

ಇನ್ನೊಂದು ಜಾಗ ಹಡಗಿನ ಆಸ್ಪತ್ರೆ. ಅಂಕೋಲೆ ಕಡೆಯ ಒಬ್ಬ ಹುಡುಗ ಡೆಕ್ ಹೆಲ್ಪರ್ ಆಗಿದ್ದ. ‘ಅಕ್ಕ, ಉಷ್ಣ ಆಗಿದೆ’ ಅಂತ ಬಂದ. ಡಾಕ್ಟರಿಗೆ ನಾನು ‘ಝಾರ್’ ಅಂದೆ. ರಷ್ಯನ್‌ನಲ್ಲಿ ಅದು ಬಿಸಿಯೂ ಹೌದು, ಜ್ವರವೂ ಹೌದು. ಅವರು ಥರ್ಮಾಮೀಟರ್ ಇಟ್ಟರು, 36.6. ಜ್ವರ ಇಲ್ಲವಲ್ಲ ಅಂತ ಅವರು ನನ್ನನ್ನ ನೋಡಿದಾಗ ನನಗೆ ಹೊಳೆಯಿತು. ನಮ್ಮ ‘ಉಷ್ಣ’ಕ್ಕೆ ಅವರ ವೈದ್ಯದಲ್ಲಿ ಜಾಗವೇ ಇಲ್ಲ. ಮತ್ತೆ ಹುಡುಗನನ್ನ ಕೇಳಿದೆ, ಏನಾಗುತ್ತೆ, ಎಲ್ಲಿ ಆಗುತ್ತೆ ಅಂತ. ಮೂತ್ರ ಉರಿ. ಹೆಣ್ಣುಮಗಳ ಮುಂದೆ ಹೇಳೋಕೆ ಅವನಿಗೆ ಸಂಕೋಚ, ‘ಅದನ್ನ ಹೇಳಬೇಡಿ ಅಕ್ಕ’ ಅಂದ. ನಾನು ಹೇಳಿದೆ: ಈ ಕೋಣೆಯಲ್ಲಿ ನೀನು ಆಡಿದ್ದನ್ನೆಲ್ಲ ನಾನು ಹೇಳಲೇಬೇಕು, ಈ ಕೋಣೆಯಿಂದ ಹೊರಗೆ ಒಂದು ಅಕ್ಷರವೂ ಹೋಗಲ್ಲ. ಆಮೇಲೆ ಎಲ್ಲ ಹೇಳಿದ. ಹಡಗಿನಲ್ಲಿ ಸಮುದ್ರದ ನೀರನ್ನೇ ಸಿಹಿ ಮಾಡಿ ಕೊಡುತ್ತಾರೆ, ಆ ನೀರಿನ ಸಪ್ಪೆ ರುಚಿ ಸೇರದೆ ಅವನು ಬಿಸಿಲಲ್ಲಿ ಇಡೀ ದಿನ ಎರಡು ಲೋಟ ಕುಡಿಯುತ್ತಿದ್ದ. ನೀರು, ಮಾತ್ರೆ, ಮೂರು ದಿನ ನೆರಳಿನ ಕೆಲಸ, ಸರಿಹೋದ.

ಈಗ ನಿಮ್ಮ ಮನೆಯವರ ಆತಂಕಕ್ಕೆ ಬರುತ್ತೇನೆ. ಅದು ಸಹಜ, ಅವರ ಮೇಲೆ ಸಿಟ್ಟು ಮಾಡಬೇಡಿ. ರಷ್ಯನ್ ಹಡಗುಗಳಲ್ಲಿ ಮಹಿಳೆಯರು ಕೆಲಸ ಮಾಡೋದು ಹೊಸದಲ್ಲ. ನಮ್ಮ ಹಡಗಿನಲ್ಲಿ ಡಾಕ್ಟರ್, ಅಡುಗೆಯವರು, ಊಟದ ಹಾಲ್ ನೋಡಿಕೊಳ್ಳುವವರು ಎಲ್ಲರೂ ಹೆಂಗಸರೇ. ಮನೆಯವರಿಗೆ ಈ ಉದಾಹರಣೆಯನ್ನೂ ಹೇಳಿ: 1976ರಲ್ಲಿ ಅಮೆರಿಕ ತನ್ನ ತೀರದಿಂದ 200 ನಾಟಿಕಲ್ ಮೈಲಿವರೆಗಿನ ಮೀನುಗಾರಿಕೆಯನ್ನ ತನ್ನ ಹಿಡಿತಕ್ಕೆ ತಗೊಳ್ಳುವ ಕಾನೂನು ಮಾಡಿತು. ಆಮೇಲೆ ಸೋವಿಯತ್ ಒಕ್ಕೂಟದ ಜೊತೆ ಸೇರಿ ಒಂದು ಜಂಟಿ ಕಂಪನಿ ಶುರುವಾಯಿತು. ಅಮೆರಿಕದ ಸಣ್ಣ ಬೋಟುಗಳು ಮೀನು ಹಿಡಿದು ತುಂಬಿದ ಬಲೆಯನ್ನ ನಡುಸಮುದ್ರದಲ್ಲೇ ಸೋವಿಯತ್ ಫ್ಯಾಕ್ಟರಿ ಹಡಗಿಗೆ ದಾಟಿಸುತ್ತಿದ್ದವು. ಶೀತಲ ಸಮರದ ಕಾಲ, ಎರಡು ದೇಶಗಳು ಕ್ಷಿಪಣಿ ಗುರಿಯಿಟ್ಟು ಕೂತಿದ್ದವು. ಆ ಸೋವಿಯತ್ ಹಡಗುಗಳಲ್ಲಿ ರಷ್ಯನ್ ಬಲ್ಲ ಅಮೆರಿಕದ ದುಭಾಷಿಗಳು ತಿಂಗಳುಗಟ್ಟಲೆ ಇರುತ್ತಿದ್ದರು, ಅವರಲ್ಲಿ ಆಗಷ್ಟೇ ಕಾಲೇಜು ಮುಗಿಸಿದ ಹುಡುಗಿಯರೂ ಇದ್ದರು. ಮೀನು ಎಷ್ಟು ಟನ್ ಬಂತು ಅನ್ನುವ ಜಗಳದಲ್ಲೂ ಅವರೇ ಮಧ್ಯೆ ನಿಂತಿದ್ದರು.

ಹಾಗಂತ ಕಣ್ಣು ಮುಚ್ಚಿಕೊಂಡು ಹೋಗಬೇಡಿ. ಕರಾರಿನಲ್ಲಿ ನಿಮ್ಮನ್ನ ಸಿಬ್ಬಂದಿ ಅಂತ ತೋರಿಸಿದ್ದಾರಾ, ಬರೀ ಹೆಚ್ಚುವರಿ ಪ್ರಯಾಣಿಕಳು ಅಂತಲಾ, ಓದಿ. ಹಡಗಿನವರಿಗೆ ಅಂತರರಾಷ್ಟ್ರೀಯ ಕಾರ್ಮಿಕ ಒಪ್ಪಂದದ ಪ್ರಕಾರ 24 ಗಂಟೆಯಲ್ಲಿ ಕನಿಷ್ಠ 10 ಗಂಟೆ, ವಾರಕ್ಕೆ 77 ಗಂಟೆ ವಿಶ್ರಾಂತಿ ಕೊಡಬೇಕು. ಭಾರತ 2015ರಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟಿದೆ. ನನ್ನನ್ನ ಕಳಿಸಿದ ಏಜೆನ್ಸಿ ಕೆಲಸದ ಹೊತ್ತು ‘ಅಗತ್ಯ ಬಿದ್ದಾಗ’ ಅಂತ ಬರೆದಿತ್ತು. ಅಗತ್ಯ ರಾತ್ರಿ ಒಂದಕ್ಕೂ ಬಿತ್ತು, ನಾಲ್ಕಕ್ಕೂ ಬಿತ್ತು, ಹಗಲು ಹತ್ತಕ್ಕೂ ಬಿತ್ತು. ಮೊದಲ ತಿಂಗಳು ನಾನು ಸರಿಯಾಗಿ ನಿದ್ದೆಯನ್ನೇ ಮಾಡಲಿಲ್ಲ, ಆ ಉನ್‌ಚಾಸ್ ತಪ್ಪಾದದ್ದೂ ಆ ತಿಂಗಳಲ್ಲೇ. ಇನ್ನೊಬ್ಬ ದುಭಾಷಿ ಇರುತ್ತಾರಾ ಅಂತ ಕೇಳಿ. ಒಳಗಿನಿಂದ ಬೀಗ ಹಾಕುವ ಸ್ವಂತ ಕ್ಯಾಬಿನ್ ಕೇಳಿ. ಸಮುದ್ರದಲ್ಲಿ ಜೀವ ಉಳಿಸಿಕೊಳ್ಳುವ ಬೇಸಿಕ್ ಟ್ರೈನಿಂಗ್ ಮಾಡಿಸದೆ ಹತ್ತಬೇಡಿ. ಏಜೆನ್ಸಿಗೆ ಕೇಂದ್ರ ಸರ್ಕಾರದ ಡಿಜಿ ಶಿಪ್ಪಿಂಗ್ ಕಚೇರಿ ಕೊಡುವ ಲೈಸೆನ್ಸ್ ಇದೆಯಾ ನೋಡಿ. ‘ಸೀಟು ಹಿಡಿಯೋಕೆ’ ದುಡ್ಡು ಕೇಳಿದರೆ ಅಲ್ಲಿಂದಲೇ ವಾಪಸ್ ಬನ್ನಿ.

ಇವೆಲ್ಲ ಸರಿ ಇದ್ದರೆ ಹೋಗಿ ತಂಗಿ. ಮನಸಾರೆ ಹೇಳುತ್ತಿದ್ದೇನೆ.

ಪ್ರಶ್ನೆ: ನನ್ನ ಮಗ ಡೆಕ್ ಕೆಡೆಟ್ ಆಗಿ ಮೊದಲ ಹಡಗು ಹತ್ತುತ್ತಿದ್ದಾನೆ. ಕ್ಯಾಪ್ಟನ್ ಉಕ್ರೇನಿನವರು, ಉಳಿದವರು ಫಿಲಿಪೀನ್ಸಿನವರಂತೆ. ಅಲ್ಲಿ ದುಭಾಷಿ ಇರುತ್ತಾರಾ? — ಮಂಗಳೂರಿನ ತಾಯಿಯೊಬ್ಬರು

ಇರಲ್ಲ ಅಮ್ಮ. ಸಾಮಾನು ಸಾಗಿಸುವ ಹಡಗಿನಲ್ಲಿ ಎಲ್ಲರಿಗೂ ಗೊತ್ತಿರುವ ಒಂದು ಭಾಷೆಯಲ್ಲಿ ಕೆಲಸ ನಡೆಯಬೇಕು ಅಂತ ನಿಯಮ, ಹೆಚ್ಚಾಗಿ ಅದು ಇಂಗ್ಲಿಷ್. ಅದೂ ನಾವು ಸ್ಕೂಲಲ್ಲಿ ಕಲಿತ ಇಂಗ್ಲಿಷ್ ಅಲ್ಲ, ಅಳೆದು ಕತ್ತರಿಸಿದ ಸಣ್ಣ ಸಣ್ಣ ವಾಕ್ಯಗಳು. ಅಂತರರಾಷ್ಟ್ರೀಯ ಕಡಲ ಸಂಸ್ಥೆ 2001ರಲ್ಲಿ ಅಂಥ ವಾಕ್ಯಗಳ ಪಟ್ಟಿಯನ್ನೇ ಒಪ್ಪಿಕೊಂಡಿತು. ಪ್ರಶ್ನೆ ಕೇಳುವ ಮುಂಚೆ ‘ಕ್ವೆಶ್ಚನ್’ ಅನ್ನಬಹುದು, ಎಚ್ಚರಿಕೆ ಕೊಡುವ ಮುಂಚೆ ‘ವಾರ್ನಿಂಗ್’ ಅನ್ನಬಹುದು. 150 ಡಿಗ್ರಿ ಅಂದರೆ ‘ಒನ್ ಫೈವ್ ಜೀರೊ’. ನನಗೆ ಉನ್‌ಚಾಸ್ ಕಲಿಸಿದ ಪಾಠವನ್ನ ಅವರು ನಿಯಮವಾಗಿಯೇ ಬರೆದಿಟ್ಟಿದ್ದಾರೆ.

ಇದಕ್ಕೆಲ್ಲ ಹಿಂದೆ ಜೀವಗಳು ಹೋಗಿವೆ. 1990ರ ಏಪ್ರಿಲ್‌ನಲ್ಲಿ ‘ಸ್ಕ್ಯಾಂಡಿನೇವಿಯನ್ ಸ್ಟಾರ್’ ಅನ್ನುವ ಪ್ರಯಾಣಿಕರ ಹಡಗಿಗೆ ನಾರ್ವೆಯಿಂದ ಡೆನ್ಮಾರ್ಕಿಗೆ ಹೋಗುವಾಗ ಬೆಂಕಿ ಬಿತ್ತು. 159 ಜನ ಸತ್ತರು. ಕಾರಣ ಹಲವು, ಆದರೆ ಅದರಲ್ಲೊಂದು ಸಿಬ್ಬಂದಿಯಲ್ಲಿ ಎಷ್ಟೋ ಜನರಿಗೆ ಪ್ರಯಾಣಿಕರ ಜೊತೆ ಮಾತಾಡಲು ಭಾಷೆಯೇ ಇರಲಿಲ್ಲ ಅನ್ನೋದು. ಹೊಗೆ ತುಂಬಿದ ಓಣಿಯಲ್ಲಿ ‘ಈ ಕಡೆ ಬನ್ನಿ’ ಅಂತ ಹೇಳೋಕೂ ಆಗದಿದ್ದರೆ ಹೇಗೆ?

ಮಗನಿಗೆ ಒಂದೇ ಮಾತು ಹೇಳಿ ಕಳಿಸಿ. ಅರ್ಥ ಆಗದೆ ‘ಯೆಸ್ ಸರ್’ ಅನ್ನಬಾರದು. ನಮ್ಮ ಹುಡುಗರಿಗೆ ಹಿರಿಯರಿಗೆ ಎದುರು ಹೇಳಬಾರದು ಅಂತ ಮನೆಯಲ್ಲಿ ಕಲಿಸಿರುತ್ತೇವೆ, ಅದೇ ಅಲ್ಲಿ ಅಪಾಯ. ‘ಸೇ ಅಗೇನ್ ಸರ್’ ಅಂದರೆ ಯಾವ ಒಳ್ಳೆ ಕ್ಯಾಪ್ಟನ್ನೂ ಬೈಯಲ್ಲ.

ಪ್ರಶ್ನೆ: ನಮ್ಮಲ್ಲಿ ಬೋಟ್ ನಡೆಸುವವನಿಗೆ ತಾಂಡೇಲ ಅಂತೀವಿ. ಇದು ಎಲ್ಲಿಯ ಶಬ್ದ? ಹಿಂದಿನ ಕಾಲದಲ್ಲಿ ವಿದೇಶಿ ಹಡಗಿನವರು ನಮ್ಮವರ ಜೊತೆ ಹೇಗೆ ಮಾತಾಡುತ್ತಿದ್ದರು? — ಗಂಗೊಳ್ಳಿಯ ಓದುಗರು

ಅಣ್ಣ, ಬಹಳ ಒಳ್ಳೆ ಪ್ರಶ್ನೆ. ಬ್ರಿಟಿಷರ ಹಡಗುಗಳಲ್ಲಿ ಭಾರತದ ನಾವಿಕರನ್ನ ಲಸ್ಕರ್ ಅಂತ ಕರೆಯುತ್ತಿದ್ದರು. ಅವರ ಮುಖ್ಯಸ್ಥ ಸಾರಂಗ, ಅವನ ಕೈ ಕೆಳಗೆ ತಂಡೇಲ, ಆಮೇಲೆ ಸುಕ್ಕಾಣಿ ಹಿಡಿಯುವವನು, ಖಲಾಸಿಗಳು. ನಿಮ್ಮ ತಾಂಡೇಲ ಅದೇ ಮಾತು. ನಾವು ದಿನಾ ಬಳಸುವ ‘ಚುಕ್ಕಾಣಿ’ ಅರಬ್ಬಿಯ ‘ಸುಕ್ಕಾನ್’ನಿಂದ ಬಂದದ್ದು. ಬ್ರಿಟಿಷ್ ಅಧಿಕಾರಿಗೂ ಲಸ್ಕರರಿಗೂ ನಡುವೆ ನಿಂತು ಮಾತು ದಾಟಿಸುತ್ತಿದ್ದವನು ಸಾರಂಗ. ಹಿಂದೂಸ್ತಾನಿ, ಪೋರ್ಚುಗೀಸ್, ಅರಬ್ಬಿ, ಇಂಗ್ಲಿಷ್ ಎಲ್ಲ ಬೆರೆತು ಹಡಗಿನದೇ ಒಂದು ಭಾಷೆ ಹುಟ್ಟಿತು. 1811ರಲ್ಲಿ ಕಲ್ಕತ್ತಾದಲ್ಲಿ ಥಾಮಸ್ ರೋಬಕ್ ಅನ್ನುವವರು ಆ ಶಬ್ದಗಳ ನಿಘಂಟನ್ನೇ ಅಚ್ಚು ಹಾಕಿಸಿದರು. ಹಡಗು ನಡೆಸುವಾಗ ಕೊಡುವ ಆಜ್ಞೆಗಳೂ ಅದರಲ್ಲಿವೆ.

ಇನ್ನೂ ಹಿಂದೆ ಹೋದರೆ ನಮ್ಮ ಕಾರವಾರದ ಎದುರಿನ ಅಂಜದೀವ ದ್ವೀಪಕ್ಕೇ ಬರಬೇಕು. 1498ರಲ್ಲಿ ವಾಸ್ಕೊ ಡ ಗಾಮಾ ವಾಪಸ್ ಹೋಗುವಾಗ ಅಲ್ಲಿ ಹಡಗು ನಿಲ್ಲಿಸಿ ರಿಪೇರಿ ಮಾಡಿಸುತ್ತಿದ್ದ. ಆಗ ಒಬ್ಬ ಮನುಷ್ಯ ಬಂದು ಚೆನ್ನಾಗಿ ವೆನಿಸ್ಸಿನ ಭಾಷೆ ಮಾತಾಡಿದ. ಗೋವಾ ಕಡೆಯ ಆಡಳಿತಗಾರನ ಸೇವೆಯಲ್ಲಿದ್ದ ಯಹೂದಿ. ಗೂಢಚಾರ ಅಂತ ಅನುಮಾನಪಟ್ಟು ಹೊಡೆದು ಬಾಯಿ ಬಿಡಿಸಿದರು. ಆಮೇಲೆ ಪೋರ್ಚುಗಲ್ಲಿಗೆ ಕರೆದುಕೊಂಡು ಹೋಗಿ, ಮತಾಂತರ ಮಾಡಿ, ಗಾಸ್ಪರ್ ಡ ಗಾಮಾ ಅಂತ ಹೆಸರಿಟ್ಟು ದುಭಾಷಿ ಮಾಡಿಕೊಂಡರು. 1500ರಲ್ಲಿ ಪೋರ್ಚುಗೀಸ್ ನಾಯಕ ಕಬ್ರಾಲ್‌ನ ಹಡಗುಗಳು ಬ್ರೆಜಿಲ್ ತೀರ ಮುಟ್ಟಿದಾಗ ಅವನೂ ಇದ್ದ. ಅಲ್ಲಿಯ ಜನರ ಮಾತು ಅವನಿಗೆ ಬಂದ ಯಾವ ಭಾಷೆಗೂ ಸಿಗಲಿಲ್ಲ. ಹೊಡೆತ ತಿಂದ ಮೇಲೆ ಹೊಡೆದವರ ಬಾಯಾಗಿಯೇ ಬದುಕಿದ ಆ ಮನುಷ್ಯನ ಬಗ್ಗೆ ನನಗೆ ತುಂಬಾ ಮರುಕ. ಅವನಿಗೆ ಆಯ್ಕೆ ಇರಲಿಲ್ಲ, ನನಗೆ ಇತ್ತು.

ಪ್ರಶ್ನೆ: ಈಗ ಫೋನಲ್ಲೇ ಅನುವಾದ ಆಗುತ್ತಲ್ಲ, ದುಭಾಷಿ ಯಾಕೆ ಬೇಕು? — ಬೆಂಗಳೂರಿನ ಓದುಗರು

ಊಟದ ಹಾಲ್‌ನಲ್ಲಿ ಫೋನ್ ಸಾಕು. ನಿಜವಾಗಿಯೂ ಉಪಯೋಗ ಇದೆ, ಬೇಡ ಅನ್ನಲ್ಲ. ಆದರೆ ಇಂಜಿನ್ ಕೋಣೆಯ ಸದ್ದಿನಲ್ಲಿ, ಗಾಳಿಯಲ್ಲಿ, ಗರಗರ ಅನ್ನುವ ರೇಡಿಯೊದಲ್ಲಿ ಅರ್ಧ ತುಳು ಅರ್ಧ ಹಿಂದಿ ಬರುವಾಗ ಫೋನು ತನಗೆ ಕೇಳಿಸದೇ ಇದ್ದದ್ದಕ್ಕೂ ಏನೋ ಒಂದು ವಾಕ್ಯ ಕೊಟ್ಟುಬಿಡುತ್ತೆ. ‘ಇದು ಅರ್ಥ ಆಗಲಿಲ್ಲ, ನಿಲ್ಲಿ, ಕೇಳುತ್ತೇನೆ’ ಅಂತ ಸ್ತಾರ್‌ಪೊಮ್ ಕಡೆ ತಿರುಗಿ ಹೇಳುವವರು ಬೇಕು. ಮೂತ್ರ ಉರಿಯ ಹುಡುಗ ಫೋನಿಗೆ ‘ಉಷ್ಣ’ ಅಂತ ಹೇಳಿ ಸುಮ್ಮನಾಗುತ್ತಿದ್ದ.

ಪ್ರಶ್ನೆ: ನೀವು ಸಸ್ಯಾಹಾರಿಯಾ? ರಷ್ಯನ್ ಹಡಗಿನಲ್ಲಿ ಏನು ತಿಂದಿರಿ? ವಾಂತಿ ಆಗಲಿಲ್ವಾ? — ಶಿವಮೊಗ್ಗದ ಓದುಗರು

ವಾಂತಿ ನಾಲ್ಕು ದಿನ ಆಯಿತು. ಒಣ ಬ್ರೆಡ್ಡು, ಹೊರಗಿನ ಗಾಳಿ, ದಿಗಂತ ನೋಡುತ್ತಾ ಕೂರೋದು. ಐದನೇ ದಿನ ಹಸಿವಾಯಿತು.

ನಾನು ಮೀನು ತಿನ್ನುತ್ತೇನೆ, ಹಾಗಾಗಿ ಕಷ್ಟ ಆಗಲಿಲ್ಲ. ಬೆಳಿಗ್ಗೆ ಏಳೂವರೆ, ಹನ್ನೊಂದೂವರೆ, ಮಧ್ಯಾಹ್ನ ಮೂರೂವರೆ, ರಾತ್ರಿ ಏಳೂವರೆ, ದಿನಕ್ಕೆ ನಾಲ್ಕು ಸಲ ಊಟ ತಿಂಡಿ. ಹಡಗಲ್ಲೇ ಸುಟ್ಟ ಬ್ರೆಡ್ಡಿನ ವಾಸನೆ ಬೆಳಿಗ್ಗೆ ಓಣಿಯಲ್ಲೆಲ್ಲಾ. ಬೀಟ್‌ರೂಟಿನ ಬೋರ್ಷ್, ಗ್ರೆಚ್ಕಾ ಅನ್ನುವ ಕಂದು ಕಾಳಿನ ಅನ್ನ, ಕೋಸು. ಪೂರ್ತಿ ಸಸ್ಯಾಹಾರಿಯಾದರೆ ಹತ್ತುವ ಮುಂಚೆಯೇ ಕೇಳಿ ಒಪ್ಪಿಸಿಕೊಳ್ಳಬೇಕು, ಯಾಕಂದರೆ ಅವರ ಸೂಪಿಗೆ ಮಾಂಸದ ನೀರೇ ಮೂಲ. ‘ಮಾಂಸ ತಿನ್ನಲ್ಲ’ ಅಂದರೆ ತುಂಡು ಮಾತ್ರ ತೆಗೆದು ಕೊಡುತ್ತಾರೆ.

ನಿಮ್ಮ ಊರಿನ ಕಡೆಯಿಂದ ಅಮ್ಮ ತರಿಸಿ ಕಟ್ಟಿಕೊಟ್ಟಿದ್ದ ಅಪ್ಪೆಮಿಡಿ ಉಪ್ಪಿನಕಾಯಿ ಒಂದು ಡಬ್ಬಿ ಇತ್ತು. ನಮ್ಮ ದ್ಯೆದ್‌ಗೆ, ಆ ಚೀಫ್ ಇಂಜಿನಿಯರ್ ಅಜ್ಜನಿಗೆ, ಗ್ರೆಚ್ಕಾದ ಜೊತೆ ಒಂದು ಮಿಡಿ ಕೊಟ್ಟೆ. ಕಣ್ಣಲ್ಲಿ ನೀರು ಬಂತು, ಆದರೂ ಇನ್ನೊಂದು ಕೇಳಿದರು. ಸೀಸನ್ ಮುಗಿದು ನಾನು ಇಳಿಯುವಾಗ ಡಬ್ಬಿಯ ತಳದಲ್ಲಿ ಐದಾರು ಉಳಿದಿದ್ದವು, ಅವರಿಗೇ ಕೊಟ್ಟೆ. ಹೆಸರು ಬರೆದುಕೊಡಿ ಅಂದರು. ಪೆನ್ ತಗೊಂಡು ಮುಚ್ಚಳದ ಮೇಲೆ ರಷ್ಯನ್ ಅಕ್ಷರದಲ್ಲಿ ‘ಅಪ್ಪೆಮಿಡಿ’ ಅಂತ ಬರೆದೆ. ಅವರು ಜೋರಾಗಿ ಓದಿದರು, ಸರಿಯಾಗಿ ಬರಲಿಲ್ಲ. ‘ಪೊವ್ತರೀತೆ’ ಅಂದೆ. ಇನ್ನೊಮ್ಮೆ ಓದಿದರು.